ಬಿಚ್ಚುವವರು ಯಾರು ಅಂತ ಕೇಳಿದ್ದೀರಾ?

ಹುಬ್ಬಳ್ಳಿಗೆ ಹೋದಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ‘ಮುಂಬಯಿಯೊಳಗ ಏನ್ ಕೆಲಸಾ ಮಾಡ್ತಿ?’ ಪೈಪಿಂಗ್ ಎಂಜಿನಿಯರ್ ಎಂದರೆ ನಳದ ಕೆಲಸ ಅಂದುಕೊಳ್ಳುತ್ತಾರೆ. ಅವ್ವನಂತೂ ಮನೆಯ ನಳ ಸೋರಿದರೆ ಪ್ಲಂಬರನ್ನು ಕರೆಯದೆ ನನ್ನ ರಜೆಗೆ ಕಾಯುತ್ತಾಳೆ. ವಿವರಿಸಬೇಕಾಗಿಲ್ಲದವರು ಒಬ್ಬರೇ, ಗೋಕುಲ ರಸ್ತೆಯ ವಾಲ್ವ್ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದ ನನ್ನ ಸೋದರಮಾವ. ಅವರ ಪ್ರಶ್ನೆ ಒಂದೇ: ‘ಜಾಯಿಂಟ್ ಸೋರಾಕತ್ತಿಲ್ಲ ಹೌದಲ್ಲೊ?’ ನನ್ನ ಕೆಲಸ ಅಷ್ಟೇ. ಪೈಪು ನಡುವೆ ಸೋರುವುದು ಅಪರೂಪ, ಪೈಪಿಗೆ ಪೈಪು ಕೂಡುವಲ್ಲಿಯೇ ಸೋರುವುದು.

ಈ ಅಂಕಣದಲ್ಲಿ ಮಕ್ಕಳ ಕನ್ನಡ, ಬಾಡಿಗೆ ಮನೆ, ದೀಪಾವಳಿಗೆ ಸಿಗದ ರೈಲು ಟಿಕೆಟ್ ಬಗ್ಗೆ ಓದಿದ್ದೇನೆ. ಫ್ಲೇಂಜ್ ಬಗ್ಗೆ ಓದಿದ ನೆನಪಿಲ್ಲ. ಆದರೆ ನವಿ ಮುಂಬಯಿ, ವಡೋದರಾ, ಚೆನ್ನೈಗಳ ಎಂಜಿನಿಯರಿಂಗ್ ಕಚೇರಿಗಳಲ್ಲಿ ಕೂತು ರಿಫೈನರಿಗೋ, ಗ್ಯಾಸ್ ಪ್ಲಾಂಟಿಗೋ, ಸಮುದ್ರದ ಪ್ಲಾಟ್‌ಫಾರ್ಮಿಗೋ ಪೈಪಿಂಗ್ ಡಿಸೈನ್ ಮಾಡುವವರಲ್ಲಿ ನಮ್ಮವರು ಕಡಿಮೆಯೇನಿಲ್ಲ. ಕಚೇರಿಯಲ್ಲಿ ನಾವು ಡೇಟಾಶೀಟಿನ ಒಂದು ಕಾಲಂ ತುಂಬುತ್ತೇವೆ. ಸೈಟಿನಲ್ಲಿ ಇನ್ನೊಬ್ಬ ಅದರ ಮುಂದೆ ಪಾನಾ ಹಿಡಿದು ನಿಲ್ಲುತ್ತಾನೆ. ‘ಎಂಡ್ ಕನೆಕ್ಷನ್’ ಎಂಬ ಆ ಕಾಲಂ ಬಗ್ಗೆ ನನಗೊಂದು ತಕರಾರಿದೆ.

ಮಾಮೂಲಿ ಫ್ಲೇಂಜ್ ಎಲ್ಲರಿಗೂ ಗೊತ್ತಿದ್ದದ್ದೇ. ಪೈಪಿನ ತುದಿಗೆ ಬೆಸೆದ ದಪ್ಪ ಬಿಲ್ಲೆ, ಎದುರಿಗೆ ಅಂಥದೇ ಇನ್ನೊಂದು, ನಡುವೆ ಗ್ಯಾಸ್ಕೆಟ್, ಸುತ್ತಲೂ ಬೋಲ್ಟು. ಅರ್ಧ ಇಂಚಿನಿಂದ 24 ಇಂಚಿನವರೆಗೆ, 150ರಿಂದ 2500ರವರೆಗಿನ ಕ್ಲಾಸುಗಳಲ್ಲಿ ಇದರ ಅಳತೆಗಳನ್ನೆಲ್ಲ ಎಎಸ್‌ಎಂಇ ಬಿ16.5 ಮಾನದಂಡ ಗೊತ್ತುಮಾಡಿದೆ. (2500 ಕ್ಲಾಸ್ 12 ಇಂಚಿಗೇ ನಿಲ್ಲುತ್ತದೆ.) ಯಾವ ದೇಶದ್ದು ಯಾವ ದೇಶದ್ದಕ್ಕೂ ಕೂಡುತ್ತದೆ. ಮುಂಬಯಿಯ ಖೇತವಾಡಿ, ಸಿ.ಪಿ. ಟ್ಯಾಂಕ್ ಗಲ್ಲಿಗಳ ಅಂಗಡಿಗಳಿಗೆ ಮಧ್ಯಾಹ್ನ ಫೋನ್ ಮಾಡಿದರೆ ಸಾಮಾನ್ಯ ಸೈಜಿನದು ಸಂಜೆಗೆ ಟೆಂಪೊದಲ್ಲಿ ಹೊರಟಿರುತ್ತದೆ. ಈ ಗುಣವನ್ನು ಯಾವ ಕ್ಯಾಟಲಾಗಿನಲ್ಲೂ ಬರೆದಿರುವುದಿಲ್ಲ. ಶಟ್‌ಡೌನಿನ ನಡುರಾತ್ರಿ ಗ್ಯಾಸ್ಕೆಟ್ ಹರಿದುಕೊಂಡು ಕೂತವರಿಗೆ ಮಾತ್ರ ಅದರ ಬೆಲೆ ಗೊತ್ತು.

ತೊಂದರೆ ಬರುವುದು ಒತ್ತಡ ಏರಿದಾಗ. 8 ಇಂಚಿನ ಪೈಪಿಗೆ 1500 ಕ್ಲಾಸಿನ ವೆಲ್ಡ್ ನೆಕ್ ಫ್ಲೇಂಜ್ ಒಂದು ಸುಮಾರು 125 ಕೆ.ಜಿ. ತೂಗುತ್ತದೆ. ಹೊರವ್ಯಾಸ 485 ಮಿ.ಮೀ., 1⅝ ಇಂಚಿನ 12 ಬೋಲ್ಟುಗಳು. ಜೋಡಿ ಎಂದರೆ ಕಾಲು ಟನ್, ಬೋಲ್ಟಿನ ತೂಕ ಬೇರೆ. ಇಷ್ಟೊಂದು ಲೋಹ ಯಾಕೆ ಬೇಕು? ಬೋಲ್ಟುಗಳು ಹೊರಗಡೆ, ಸೋರಿಕೆ ತಡೆಯಬೇಕಾದ ಗ್ಯಾಸ್ಕೆಟ್ ಒಳಗಡೆ. ಬಿಗಿದಷ್ಟೂ ಬಿಲ್ಲೆ ಬಾಗಲು ನೋಡುತ್ತದೆ. ಬಾಗಬಾರದೆಂದು ದಪ್ಪ ಮಾಡುತ್ತೇವೆ, ದಪ್ಪವಾದದ್ದನ್ನು ಹಿಡಿಯಲು ಬೋಲ್ಟು ದಪ್ಪ, ಬೋಲ್ಟು ದಪ್ಪವಾದರೆ ಪಾನಾ ತಿರುಗಿಸಲು ಜಾಗ ಬೇಕು, ಹಾಗಾಗಿ ಬೋಲ್ಟು ಇನ್ನಷ್ಟು ಹೊರಕ್ಕೆ ಹೋಗುತ್ತದೆ. ಸಮುದ್ರದ ನಡುವಿನ ಪ್ಲಾಟ್‌ಫಾರ್ಮಿನಲ್ಲಿ ಇಂಥ ನೂರಾರು ಜೋಡಿ ಇರುತ್ತವೆ. ಅವನ್ನು ಹೊರಲು ಕೆಳಗೆ ಉಕ್ಕಿನ ಕಂಬ ಬೇಕು, ಅದನ್ನೆಲ್ಲ ಎತ್ತುವ ಕ್ರೇನಿಗೆ ಒಂದು ಮಿತಿ ಇದೆ.

ಕಾಂಪ್ಯಾಕ್ಟ್ ಫ್ಲೇಂಜ್ ಬಂದದ್ದು ಈ ಲೆಕ್ಕಾಚಾರದಿಂದ. ಉತ್ತರ ಸಮುದ್ರದಲ್ಲಿ ತೈಲ ತೆಗೆಯುವ ನಾರ್ವೆಯವರು ಇದಕ್ಕೆ ನಾರ್ಸೊಕ್ ಎಲ್-005 ಎಂಬ ಮಾನದಂಡ ಮಾಡಿಕೊಂಡಿದ್ದರು. 2012ರಲ್ಲಿ ಅದೇ ಜಾಡಿನ ಐಎಸ್‌ಒ 27509 ಬಂತು. ಬೋಲ್ಟುಗಳನ್ನು ಪೈಪಿನ ಹತ್ತಿರಕ್ಕೆ ಎಳೆದು, ಎರಡು ಬಿಲ್ಲೆಗಳ ಮುಖಗಳು ಲೋಹಕ್ಕೆ ಲೋಹ ತಾಗಿ ಕೂರುವಂತೆ ಮಾಡಿದ್ದಾರೆ. ಮುಖ ಪೂರ್ತಿ ಸಪಾಟಲ್ಲ, ಬರಿಗಣ್ಣಿಗೆ ಕಾಣದಷ್ಟು ಇಳಿಜಾರು ಇರುತ್ತದೆ. ಮೊದಲು ಒಳ ಅಂಚು ತಾಗುತ್ತದೆ, ಬಿಗಿಯುತ್ತ ಹೋದಂತೆ ಹೊರ ಅಂಚೂ ಮುಚ್ಚಿಕೊಳ್ಳುತ್ತದೆ. ನಡುವಿನ ಗಾಡಿಯಲ್ಲಿ ಐಎಕ್ಸ್ ಎಂಬ ಉಕ್ಕಿನ ಸೀಲ್ ರಿಂಗ್. ಒಳಗಿನ ಒತ್ತಡ ಹೆಚ್ಚಿದಷ್ಟೂ ಅದು ತನ್ನ ಜಾಗಕ್ಕೆ ಇನ್ನಷ್ಟು ಒತ್ತಿಕೊಳ್ಳುತ್ತದೆ. ಒತ್ತಡ, ಬಿಸಿ ಏರಿಳಿದಾಗ ಅದರ ಪೆಟ್ಟು ಬೋಲ್ಟಿಗೆ ತಾಗುವುದು ಕಡಿಮೆ, ಏಕೆಂದರೆ ಬಿಲ್ಲೆಗಳು ಒಂದೇ ತುಂಡಿನಂತೆ ಕೂತಿರುತ್ತವೆ. ದೊಡ್ಡ ಕ್ಲಾಸುಗಳಲ್ಲಿ ತೂಕ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಮಾರುವವರು ಹೇಳುವ ಪರ್ಸೆಂಟೇಜ್ ಇನ್ನೂ ಜಾಸ್ತಿ, ಅದನ್ನು ಅವರಿಗೇ ಬಿಡೋಣ.

ಕ್ಲಾಂಪ್ ಕನೆಕ್ಟರ್ ಬೇರೆಯದೇ ಜಾತಿ. ಇದರಲ್ಲಿ ಬಿಲ್ಲೆಯೂ ಇಲ್ಲ, ಬೋಲ್ಟಿನ ತೂತೂ ಇಲ್ಲ. ಪೈಪಿನ ತುದಿಗಳಿಗೆ ಬೆಸೆದ ಎರಡು ಹಬ್‌ಗಳು, ನಡುವೆ ಉಕ್ಕಿನ ಸೀಲ್ ರಿಂಗ್, ಹೊರಗಿನಿಂದ ಬಳೆಯಂತೆ ಅಪ್ಪಿಕೊಳ್ಳುವ ಎರಡು ಅರ್ಧ ಕ್ಲಾಂಪುಗಳು, ಸಾಮಾನ್ಯವಾಗಿ ನಾಲ್ಕೇ ಬೋಲ್ಟು. ಹಬ್ಬಿನ ಬೆನ್ನು, ಕ್ಲಾಂಪಿನ ಒಳಮೈ ಎರಡೂ ಇಳಿಜಾರು. ಬೋಲ್ಟು ಬಿಗಿದರೆ ಕ್ಲಾಂಪು ಬೆಣೆಯಂತೆ ಕೆಲಸ ಮಾಡಿ ಹಬ್‌ಗಳನ್ನು ಒಂದಕ್ಕೊಂದು ದೂಡುತ್ತದೆ. ಬೋಲ್ಟಿನ ತೂತು ಹೊಂದಿಸುವ ತಲೆನೋವಿಲ್ಲ, ಪೈಪಿನ ಸುತ್ತ ಕ್ಲಾಂಪನ್ನು ಹೇಗೆ ಬೇಕೋ ಹಾಗೆ ತಿರುಗಿಸಿ ಕೂರಿಸಬಹುದು. ‘ಹನ್ನೆರಡು ಬೋಲ್ಟಿನ ಜಾಗದಲ್ಲಿ ನಾಲ್ಕು, ಪದೇ ಪದೇ ಬಿಚ್ಚುವ ಕಡೆ ಇದನ್ನೇ ಹಾಕಿ’ ಎನ್ನುತ್ತದೆ ಕ್ಯಾಟಲಾಗು. ನಾನೂ ಹಾಗೇ ನಂಬಿ ಹಾಕಿದ್ದೆ.

ಗುಜರಾತಿನ ಕರಾವಳಿಯ ಒಂದು ಪ್ಲಾಂಟು. ಅಧಿಕ ಒತ್ತಡದ ಒಂದು ಯೂನಿಟ್ಟಿನಲ್ಲಿ ಜಾಗ ಇಕ್ಕಟ್ಟು, ಪ್ರತಿ ಶಟ್‌ಡೌನಿಗೂ ಬಿಚ್ಚಬೇಕಾದ ಜಾಯಿಂಟುಗಳು. ಆ ಡೇಟಾಶೀಟು ತುಂಬಿದವನು ನಾನೇ. ಕ್ಲಾಂಪ್ ಎಂದು ಬರೆದೆ, ಮೇಲಿನವರು ಸಹಿ ಹಾಕಿದರು, ಪ್ಲಾಂಟು ಚೆನ್ನಾಗಿಯೇ ಓಡಿತು. ಕೆಲವು ವರ್ಷಗಳ ನಂತರದ ಒಂದು ಶಟ್‌ಡೌನಿನಲ್ಲಿ ನಾನು ಬೇರೆ ಕೆಲಸಕ್ಕೆಂದು ಅದೇ ಸೈಟಿನಲ್ಲಿದ್ದೆ. ಲೈನು ಖಾಲಿಯಾಗಿದೆ ಎಂದು ಪರ್ಮಿಟ್ ಕೊಟ್ಟಿದ್ದರು. ಡ್ರೈನ್ ಕಟ್ಟಿಕೊಂಡಿದ್ದರಿಂದ ಒಂದು ತುಂಡಿನಲ್ಲಿ ನೈಟ್ರೋಜನ್ ಉಳಿದುಕೊಂಡಿದ್ದು ಯಾರಿಗೂ ತಿಳಿದಿರಲಿಲ್ಲ. ಝಾರ್ಖಂಡಿನಿಂದ ಬಂದಿದ್ದ ಗುತ್ತಿಗೆಯ ಹುಡುಗ ನಾಲ್ಕೂ ನಟ್ಟು ಬಿಚ್ಚಿ ಪಕ್ಕಕ್ಕಿಟ್ಟ. ಕ್ಲಾಂಪು ಅಲುಗಲಿಲ್ಲ. ತುಕ್ಕು, ಬಣ್ಣ, ವರ್ಷಗಟ್ಟಲೆಯ ಬಿಸಿ ಸೇರಿ ಹಬ್ಬಿಗೆ ಕಚ್ಚಿಕೊಂಡಿತ್ತು. ಸುತ್ತಿಗೆಯಿಂದ ಒಂದು ಏಟು ಹಾಕಿದ. ಅರ್ಧ ಕ್ಲಾಂಪು ಹಾರಿ ಅವನ ಮುಂಗೈ ಮೂಳೆ ಮುರಿದು, ಹಿಂದಿದ್ದ ಸ್ಕ್ಯಾಫೋಲ್ಡಿಂಗ್ ಪೈಪನ್ನು ಬಗ್ಗಿಸಿತು. ಅವನು ಇನ್ನೊಂದು ಅರ್ಧ ಹೆಜ್ಜೆ ಎಡಕ್ಕೆ ನಿಂತಿದ್ದರೆ ನಾನು ಈ ಲೇಖನ ಬರೆಯುವ ಧೈರ್ಯ ಮಾಡುತ್ತಿರಲಿಲ್ಲ.

ತನಿಖೆಯ ವರದಿಯಲ್ಲಿ ಬಂದದ್ದು: ಕೆಲಸಗಾರ ಕಾರ್ಯವಿಧಾನ ಪಾಲಿಸಲಿಲ್ಲ. ಆ ಕಾರ್ಯವಿಧಾನ ಎಲ್ಲಿತ್ತು ಎಂದು ಹುಡುಕಿದೆ. ತಯಾರಕರ ಇಂಗ್ಲಿಷ್ ಮ್ಯಾನ್ಯುಯಲ್ಲಿನಲ್ಲಿತ್ತು, ಮ್ಯಾನ್ಯುಯಲ್ಲು ಆಡಳಿತ ಕಟ್ಟಡದ ಕಪಾಟಿನಲ್ಲಿತ್ತು. ಅದರಲ್ಲಿ ಸ್ಪಷ್ಟವಾಗಿಯೇ ಇತ್ತು: ನಟ್ಟುಗಳನ್ನು ಕೆಲವು ಸುತ್ತು ಸಡಿಲಿಸಿ, ತೆಗೆಯಬೇಡಿ. ಕ್ಲಾಂಪನ್ನು ಮೆಲ್ಲಗೆ ಬಡಿದು ಹಬ್ಬಿನಿಂದ ಬಿಡಿಸಿ. ಒಳಗೆ ಒತ್ತಡ ಉಳಿದಿದ್ದರೆ ಆಗ ಹೊರಬೀಳುತ್ತದೆ, ಕ್ಲಾಂಪನ್ನು ಬೋಲ್ಟುಗಳು ಹಿಡಿದಿರುತ್ತವೆ. ಅದಾದ ಮೇಲಷ್ಟೇ ಬೋಲ್ಟು ತೆಗೆಯಿರಿ.

ಅವತ್ತು ಸಂಜೆ ಚಹಾದ ಗಾಡಿಯ ಹತ್ತಿರ ಕಲಬುರಗಿ ಕಡೆಯ ಹಿರಿಯ ಫಿಟ್ಟರ್ ಒಬ್ಬರು ಸಿಕ್ಕರು. ಸೈಟಿನಲ್ಲಿ ಕನ್ನಡ ಮಾತಾಡುವವರು ನಾವಿಬ್ಬರೇ ಇದ್ದುದರಿಂದ ಅವರಿಗೆ ಕಾಕಾ ಎನ್ನುತ್ತಿದ್ದೆ. ಅವರು ನನಗೆ ಸಾಹೇಬ್ರ ಅನ್ನುವುದನ್ನು ಎಷ್ಟು ಹೇಳಿದರೂ ಬಿಟ್ಟಿರಲಿಲ್ಲ. ‘ಸಾಹೇಬ್ರ, ಫ್ಲೇಂಜ್ ಇದ್ರ ಅದು ಮೊದ್ಲೇ ಹೇಳ್ತದ. ದೂರದ ಕಡಿ ಬೋಲ್ಟ್ ಸಡ್ಲ ಮಾಡಿದ್ರ ಸುಸ್ ಅಂತದ, ನಾವು ಅಲ್ಲೇ ನಿಂದರ್ತೀವಿ. ಇದು ಏನೂ ಹೇಳಂಗಿಲ್ಲ. ಸುಮ್ನ ಹಿಡ್ಕೊಂಡ್ ಕುಂತಿರ್ತದ, ಬಿಟ್ರ ಒಮ್ಮೆಲೇ ಬಿಡ್ತದ.’ ಚಹಾ ಮುಗಿಸಿ ಇನ್ನೊಂದು ಮಾತು ಸೇರಿಸಿದರು: ‘ಇದನ್ನ ಯಾರು ಆರಿಸ್ಯಾರೋ ಗೊತ್ತಿಲ್ಲ. ಬಿಚ್ಚಾವ್ರು ಯಾರು ಅಂತ ಅವ್ರು ಕೇಳ್ಯಾರೇನು?’ ಆರಿಸಿದವನು ನಾನೇ ಎಂದು ಹೇಳಲು ನನಗೆ ಎರಡು ದಿನ ಬೇಕಾಯಿತು. ಹೇಳಿದಾಗ ಅವರು ಬೈಯಲಿಲ್ಲ. ‘ಮತ್ತ ನಮ್ಗ ಕರ್ದು ಒಮ್ಮೆ ತೋರ್ಸ್ಬೇಕಿತ್ರಿ’ ಎಂದರು, ಅಷ್ಟೇ.

ನನ್ನ ತಕರಾರು ಇಲ್ಲಿಂದ ಶುರು. ಫಿಟ್ಟರುಗಳು ತಲೆಮಾರಿನಿಂದ ಕಲಿತದ್ದು ಫ್ಲೇಂಜ್ ಬಿಚ್ಚುವ ವಿದ್ಯೆ: ತನ್ನಿಂದ ದೂರದ ಬೋಲ್ಟು ಮೊದಲು, ತನ್ನ ಕಡೆಯದು ಕೊನೆಗೆ, ಮುಖ ಯಾವಾಗಲೂ ಗಾಳಿಗೆ ಬೆನ್ನಾಗಿ. ನಾವು ಕಚೇರಿಯಲ್ಲಿ ಕನೆಕ್ಟರ್ ಬದಲಿಸಿದ ಗಳಿಗೆಯಲ್ಲೇ ಆ ವಿದ್ಯೆಯ ಅರ್ಧ ಭಾಗ ಕೆಲಸಕ್ಕೆ ಬಾರದಂತಾಗುತ್ತದೆ. ಡೇಟಾಶೀಟಿನಲ್ಲಿ ಒತ್ತಡ, ಉಷ್ಣತೆ, ತೂಕ, ಬೆಲೆ, ಡೆಲಿವರಿ ವಾರ ಎಲ್ಲಕ್ಕೂ ಕಾಲಂ ಇದೆ, ಇದಕ್ಕೊಂದು ಕಾಲಂ ಇಲ್ಲ.

‘ಪದೇ ಪದೇ ಬಿಚ್ಚುವ ಕಡೆ ಕ್ಲಾಂಪ್’ ಎಂಬ ಸಲಹೆ ಕಾಯಂ ಮೆಂಟೆನೆನ್ಸ್ ತಂಡ ಇರುವಲ್ಲಿ ಬರೆದದ್ದು. ಅದೇ ನಾಲ್ಕು ಜನ, ಅದೇ ಜಾಯಿಂಟು, ವರ್ಷಕ್ಕೆ ಐದಾರು ಸಲ. ಅಂಥ ಕಡೆ ಕ್ಲಾಂಪಿಗಿಂತ ಒಳ್ಳೆಯದಿಲ್ಲ. ನಮ್ಮಲ್ಲಿ ಶಟ್‌ಡೌನ್ ಎಂದರೆ ಒಂದು ತಿಂಗಳಿಗೆ ಗುತ್ತಿಗೆದಾರ ಕರೆತರುವ ನೂರಾರು ಜನ. ಈ ಸಲ ಝಾರ್ಖಂಡ್, ಮುಂದಿನ ಸಲ ಒಡಿಶಾ, ಅದರಾಚೆ ನಮ್ಮ ರಾಯಚೂರು, ಯಾದಗಿರಿ. ಆ ಕ್ಲಾಂಪನ್ನು ಎರಡನೇ ಬಾರಿ ನೋಡುವವನು ಅವರಲ್ಲಿ ಒಬ್ಬನೂ ಇರದಿರಬಹುದು. ಹಾಗಿರುವಾಗ ಹೆಚ್ಚು ಬಾರಿ ಬಿಚ್ಚುವ ಜಾಯಿಂಟು ಎಂದರೆ ಹೆಚ್ಚು ಬಾರಿ ಹೊಸಬನ ಕೈಗೆ ಬೀಳುವ ಜಾಯಿಂಟು. ಸಲಹೆ ಇಲ್ಲಿ ತಿರುಗುಮುರುಗಾಗುತ್ತದೆ.

ಬಿಗಿಯುವಾಗಲೂ ಇದೇ ಕಥೆ. ಕ್ಲಾಂಪಿನ ನಾಲ್ಕು ಬೋಲ್ಟುಗಳನ್ನು ಒಂದೊಂದಾಗಿ ಸಮನಾಗಿ ಬಿಗಿಯಬೇಕು, ಎರಡೂ ಬದಿಯ ಸಂದು ಒಂದೇ ಅಳತೆಯಲ್ಲಿರಬೇಕು, ನಡುನಡುವೆ ಸುತ್ತಿಗೆಯಿಂದ ತಟ್ಟಿ ಕ್ಲಾಂಪು ಕೂರುವಂತೆ ಮಾಡಿ ಮತ್ತೆ ಬಿಗಿಯಬೇಕು. ತಟ್ಟದಿದ್ದರೆ ಟಾರ್ಕ್ ವ್ರೆಂಚ್ ಪೂರ್ತಿ ತೋರಿಸುತ್ತದೆ, ಆದರೆ ಬಲ ಹಬ್ಬಿಗೆ ತಲುಪದೆ ಘರ್ಷಣೆಯಲ್ಲೇ ಸವೆದುಹೋಗಿರುತ್ತದೆ. ಸೋರಿಕೆ ಕಾಣುವುದು ಹೈಡ್ರೋಟೆಸ್ಟಿನಲ್ಲಿ, ಅದೃಷ್ಟ ಕೆಟ್ಟಿದ್ದರೆ ಪ್ಲಾಂಟು ಬಿಸಿಯಾದ ಮೇಲೆ. ಪೈಪು ಹೊಂದಿಸುವುದರಲ್ಲೂ ಕ್ಲಾಂಪು ಕ್ಷಮಿಸುವುದಿಲ್ಲ. ಮಾಮೂಲಿ ಫ್ಲೇಂಜಿಗೇ ಬಿ31.3 ಕೋಡ್ ಪ್ರಕಾರ ಎದುರುಬದುರು ಮುಖಗಳು 200 ಮಿ.ಮೀ.ಗೆ 1 ಮಿ.ಮೀ. ಒಳಗೆ ಸಮಾನಾಂತರವಾಗಿರಬೇಕು, ತೂತುಗಳ ಓರೆ 3 ಮಿ.ಮೀ. ಮೀರಬಾರದು. ಸೈಟಿನಲ್ಲಿ ಇದನ್ನು ಮೀರಿದ ಪೈಪುಗಳನ್ನು ಚೈನ್ ಪುಲ್ಲಿ ಹಾಕಿ ಎಳೆದು, ಬೋಲ್ಟು ತೂರಿಸಿ ‘ಹೋ ಗಯಾ’ ಎನ್ನುವುದನ್ನು ನಾನು, ನೀವು ಎಲ್ಲ ನೋಡಿದ್ದೇವೆ. ಗ್ಯಾಸ್ಕೆಟ್ ಅದನ್ನು ಸ್ವಲ್ಪ ಸಹಿಸಿಕೊಳ್ಳುತ್ತದೆ. ಉಕ್ಕಿನ ರಿಂಗ್ ಸಹಿಸುವುದಿಲ್ಲ.

ಈ ವಿಷಯದಲ್ಲಿ ನನ್ನ ಒಲವು ಕಾಂಪ್ಯಾಕ್ಟ್ ಫ್ಲೇಂಜಿನ ಕಡೆಗಿದೆ. ಕಾರಣ ತೂಕವಲ್ಲ. ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ಅದು ಕಣ್ಣಿಗೆ ತೋರಿಸುತ್ತದೆ. ಬಿಗಿದ ಮೇಲೆ ಹೊರ ಅಂಚಿನ ಸುತ್ತ ಫೀಲರ್ ಗೇಜಿನ ತೆಳ್ಳನೆಯ ಎಲೆ ಹಿಡಿದು ನೋಡಿ, ಎಲ್ಲೂ ನುಗ್ಗಬಾರದು. ಈ ಪರೀಕ್ಷೆಗೆ ಇಂಗ್ಲಿಷ್ ಬೇಡ, ಎರಡು ನಿಮಿಷ ಸಾಕು, ಪಾನಾ ಹಿಡಿದವನೂ ಇನ್‌ಸ್ಪೆಕ್ಟರೂ ಒಂದೇ ಉತ್ತರ ನೋಡುತ್ತಾರೆ. ಬಿಚ್ಚುವಾಗ ಫಿಟ್ಟರಿನ ಹಳೆಯ ವಿದ್ಯೆಯೂ ಬಹುಪಾಲು ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಬೋಲ್ಟುಗಳು ಸುತ್ತಲೂ ಇವೆ. ಮೇಲಾಗಿ ಮಾನದಂಡ ಎಲ್ಲರಿಗೂ ತೆರೆದದ್ದು. ಕ್ಲಾಂಪಿನಲ್ಲಿ ಒಬ್ಬ ತಯಾರಕನ ಸೀಲ್ ರಿಂಗ್ ಇನ್ನೊಬ್ಬನ ಹಬ್ಬಿಗೆ ಕೂರುತ್ತದೆಂಬ ಖಾತರಿಯಿಲ್ಲ. ನಮ್ಮ ಪರ್ಚೇಸ್ ವಿಭಾಗದವರು ಪ್ರೀತಿಯಿಂದ ಸೇರಿಸುವ ‘ಅಥವಾ ಸಮಾನವಾದದ್ದು’ ಎಂಬ ಎರಡು ಪದ ಅಲ್ಲಿ ಬಹಳ ಅಪಾಯಕಾರಿ. ನೋಡಲು ಒಂದೇ ಥರದ ರಿಂಗ್ ಸ್ಟೋರಿನಲ್ಲಿ ಸೇರಿಕೊಂಡರೆ ಬೇರ್ಪಡಿಸುವವರು ಯಾರೂ ಇಲ್ಲ.

ಹಾಗೆಂದು ಎಲ್ಲ ಕಡೆ ಕಾಂಪ್ಯಾಕ್ಟ್ ಹಾಕಿ ಎಂದು ಹೇಳುತ್ತಿಲ್ಲ. ತಂಪು ನೀರಿಗೆ, ಗಾಳಿಗೆ, 150, 300 ಕ್ಲಾಸಿನ ಸಾಮಾನ್ಯ ಲೈನುಗಳಿಗೆ ಹಳೆಯ ಫ್ಲೇಂಜೇ ಸರಿ, ಬೇರೆ ಮಾತು ಬೇಡ. ಪದೇ ಪದೇ ಬ್ಲೈಂಡ್ ಹಾಕಿ ಲೈನು ಕಡಿಯಬೇಕಾದಲ್ಲಿ ಕ್ಲಾಂಪಿಗೂ ಕಾಂಪ್ಯಾಕ್ಟಿಗೂ ಬ್ಲೈಂಡನ್ನು ಮೊದಲೇ ಯೋಚಿಸಿ ಖರೀದಿಸಿಟ್ಟಿರಬೇಕು, ಖೇತವಾಡಿಯಲ್ಲಿ ಅದು ಸಿಗುವುದಿಲ್ಲ. ಅದಕ್ಕೆ ಹೊಂದುವ ವಾಲ್ವ್ ಕೂಡ ಬೇಕು. ಇಲ್ಲದಿದ್ದರೆ ಒಂದು ಜಾಯಿಂಟು ಉಳಿಸಲು ಹೋಗಿ ಅಡಾಪ್ಟರ್ ಹೆಸರಿನಲ್ಲಿ ಎರಡು ಜಾಯಿಂಟು ಹೆಚ್ಚಿಸಿಕೊಳ್ಳುತ್ತೇವೆ. ಈ ಮಾತು ಹೇಳಿದಾಗ ಸೋದರಮಾವ ಜೋರಾಗಿ ನಕ್ಕಿದ್ದರು. ವಾಲ್ವ್ ಕಾರ್ಖಾನೆಯವರಿಗೆ ಇದು ಹಳೆಯ ಜೋಕು.

ಹಳೆಯದನ್ನೇ ಇಟ್ಟುಕೊಂಡರೆ ಕ್ಷೇಮ ಎನ್ನುವವರೂ ಇದ್ದಾರೆ. ಅವರಿಗೆ ನಾನು ಪೈಪರ್ ಆಲ್ಫಾ ನೆನಪಿಸುತ್ತೇನೆ. 1988ರ ಜುಲೈ 6ರ ರಾತ್ರಿ ಉತ್ತರ ಸಮುದ್ರದ ಆ ಪ್ಲಾಟ್‌ಫಾರ್ಮಿನಲ್ಲಿ 167 ಜನ ಸತ್ತರು. ಒಂದು ಪಂಪಿನ ಸುರಕ್ಷತಾ ವಾಲ್ವನ್ನು ದುರಸ್ತಿಗೆ ತೆಗೆದು ಆ ಜಾಗಕ್ಕೆ ಬ್ಲೈಂಡ್ ಫ್ಲೇಂಜ್ ಹಾಕಿದ್ದರು. ಅದು ಸೋರದಂತೆ ಬಿಗಿಯಾಗಿರಲಿಲ್ಲ. ವಾಲ್ವ್ ಇಲ್ಲವೆಂಬುದು ರಾತ್ರಿ ಪಾಳಿಯವರಿಗೆ ತಿಳಿಯದೆ ಪಂಪು ಶುರು ಮಾಡಿದರು ಎಂಬ ತೀರ್ಮಾನಕ್ಕೆ ಲಾರ್ಡ್ ಕಲ್ಲನ್ ವಿಚಾರಣೆ ಬಂತು. ಅಲ್ಲಿದ್ದದ್ದು ಕ್ಲಾಂಪಲ್ಲ, ಹೊಸ ತಂತ್ರಜ್ಞಾನವಲ್ಲ, ಎಲ್ಲರಿಗೂ ಗೊತ್ತಿರುವ ಮಾಮೂಲಿ ಬ್ಲೈಂಡ್ ಫ್ಲೇಂಜು. ಮಾಹಿತಿ ಒಬ್ಬರಿಂದ ಇನ್ನೊಬ್ಬರ ಕೈಗೆ ದಾಟಲಿಲ್ಲ.

ನಾನು ಕೇಳುವುದು ದೊಡ್ಡದೇನಲ್ಲ. ಕ್ಲಾಂಪ್ ಆಗಲಿ ಕಾಂಪ್ಯಾಕ್ಟ್ ಆಗಲಿ ಖರೀದಿಸುವಾಗ ಅದೇ ಆರ್ಡರಿನಲ್ಲಿ ಒಂದು ಜೋಡಿ ಹೆಚ್ಚಿಗೆ ಬರಲಿ, ಪೈಪಿಗಲ್ಲ, ಅಭ್ಯಾಸಕ್ಕೆ. ಶಟ್‌ಡೌನಿಗೆ ಮುನ್ನ ಗೇಟಿನ ಹತ್ತಿರ ನೆಲದ ಮೇಲಿಟ್ಟು, ಆ ಜಾಯಿಂಟಿಗೆ ಕೈಹಾಕುವ ಪ್ರತಿಯೊಬ್ಬನೂ ಒಮ್ಮೆ ಬಿಗಿದು ಬಿಚ್ಚಲಿ. ಪ್ರತಿ ಕ್ಲಾಂಪಿಗೂ ಉಕ್ಕಿನ ಒಂದು ಪಟ್ಟಿ ಕಟ್ಟಿರಲಿ, ಅದರ ಮೇಲೆ ನಾಲ್ಕು ಚಿತ್ರ, ಕೆಳಗೆ ಹಿಂದಿ ಮತ್ತು ಆ ಗುಂಪಿನವರ ಭಾಷೆ. ರಾಯಚೂರಿನವರು ಬಂದಿದ್ದರೆ ಕನ್ನಡ. ಭಾಷಾಭಿಮಾನದ ಮಾತಲ್ಲ ಇದು. ‘ತೆಗೆಯಬೇಡಿ, ಸಡಿಲಿಸಿ’ ಎಂಬ ಎರಡು ಪದ ಆ ಹುಡುಗನಿಗೆ ತಿಳಿಯುವ ಭಾಷೆಯಲ್ಲಿ ಕಣ್ಣೆದುರು ಇದ್ದಿದ್ದರೆ ಅವನ ಕೈ ಉಳಿಯುತ್ತಿತ್ತು. ಕಳೆದ ಎರಡು ಪ್ರಾಜೆಕ್ಟುಗಳಲ್ಲಿ ಇದನ್ನು ಬರೆದು ಕಳಿಸಿದೆ. ಒಂದರಲ್ಲಿ ಒಪ್ಪಿದರು. ಇನ್ನೊಂದರಲ್ಲಿ ‘ಇದು ಗುತ್ತಿಗೆದಾರರ ಹೊಣೆ’ ಎಂದು ಹೊಡೆದುಹಾಕಿದರು. ಗುತ್ತಿಗೆದಾರರನ್ನು ಕೇಳಿದರೆ ತಯಾರಕರ ಹೊಣೆ ಎನ್ನುತ್ತಾರೆ, ತಯಾರಕರು ಮ್ಯಾನ್ಯುಯಲ್ ಕೊಟ್ಟಿದ್ದೇವಲ್ಲ ಎನ್ನುತ್ತಾರೆ.

ಅದಕ್ಕೇ ಈಗ ನನ್ನ ಕೈಯಲ್ಲಿರುವಷ್ಟನ್ನು ಮಾಡುತ್ತಿದ್ದೇನೆ. ನಮ್ಮ ವಿಭಾಗದ ಡೇಟಾಶೀಟಿನಲ್ಲಿ ‘ಎಂಡ್ ಕನೆಕ್ಷನ್’ ಪಕ್ಕ ಒಂದು ಕಾಲಂ ಸೇರಿಸಿದ್ದೇನೆ: ಬಿಚ್ಚುವವರು ಯಾರು, ಅವರಿಗೆ ತೋರಿಸಿದವರು ಯಾರು. ಮೊನ್ನೆ ಬೆಳಗಾವಿಯ ಹುಡುಗನೊಬ್ಬ, ಕೆಲಸಕ್ಕೆ ಸೇರಿ ಆರು ತಿಂಗಳಾಗಿದೆ, ಎಲ್ಲ ತುಂಬಿ ಅದೊಂದನ್ನು ಖಾಲಿ ಬಿಟ್ಟು ತಂದ. ‘ಸರ್, ಇದಕ್ಕ ಏನ್ ಬರೀಬೇಕು?’ ಎಂದ. ಗೊತ್ತಾಗುವವರೆಗೆ ಕ್ಲಾಂಪ್ ಎಂದು ಬರೆಯಬೇಡ ಎಂದು ಶೀಟು ವಾಪಸ್ ಕೊಟ್ಟೆ. ಅವನು ಗುರುವಾರ ಸೈಟಿಗೆ ಹೋಗುತ್ತಿದ್ದಾನೆ. ಕಾಕಾ ಈಗ ಅಲ್ಲೇ ಸೂಪರ್‌ವೈಸರ್ ಆಗಿದ್ದಾರೆ, ಅವರ ಫೋನ್ ನಂಬರ್ ಕೊಟ್ಟು ಕಳಿಸಿದ್ದೇನೆ.